ಬಾಳೆಗೊನೆಯ ಪಕ್ಕ ಇಟ್ಟ ಹಾರ

ನಾನು ಹೂವಿನ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಮೊಣಕಾಲು ಮಡಚಲು ಬರುವುದಿಲ್ಲ. ನೆಲಕ್ಕೆ ಕೂರಲಾರದವಳು ಹೂವು ಕಟ್ಟಲಾರಳು, ಅಷ್ಟೇ. ಚಾಮರಾಜನಗರದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಇಬ್ಬರು ಹುಡುಗಿಯರು ಕೂರುತ್ತಾರೆ. ಮೊನ್ನೆ ಆ ಕಡೆ ಹೋದಾಗ ಅವರಲ್ಲೊಬ್ಬಳು ಕೇಳಿದಳು: "ಅಜ್ಜಿ, ನಿಮ್ ಕಾಲ್ದಲ್ಲಿ ಫ್ರಿಜ್ಜಿಲ್ಲ, ಐಸಿಲ್ಲ. ಊವ ಎಂಗೆ ಮಡಗ್ತಿದ್ರಿ?"

ಅವಳ ಬುಟ್ಟಿ ನೋಡಿದೆ. ನೀರು ಚಿಮುಕಿಸಿ ಚಿಮುಕಿಸಿ ಮಲ್ಲಿಗೆ ಮೊಗ್ಗಿಗೆಲ್ಲ ಕಂದು ಚುಕ್ಕೆ ಬಿದ್ದಿತ್ತು.

"ನಿನ್ನಂಗೆ ಗಳಿಗೆಗೊಂದ್ಸಲ ಸ್ನಾನ ಮಾಡಿಸ್ತಿರಲಿಲ್ಲ ಕಣಮ್ಮಿ" ಅಂದೆ.

ಇಬ್ಬರೂ ನಕ್ಕರು. ನಗಲಿ, ಆದರೆ ನಕ್ಕು ಮರೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ. ಮಾತು ತಿದ್ದುವುದು ಬೇಡ ಎಂದು ಹೇಳಿದ್ದೇನೆ.

ಹೂವಿನ ಕೆಲಸವೆಂದರೆ ಘಮಘಮ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಸಿಲೇರುವ ಹೊತ್ತಿಗೆ ಮೂಗಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ನಾರು ಎಳೆದೆಳೆದು ಬೆರಳ ಸಂದು ಸೀಳಿರುತ್ತದೆ, ಊಟ ಮಾಡುವಾಗ ಸಾರಿನ ಖಾರ ಅಲ್ಲಿಗೇ ಇಳಿಯುತ್ತದೆ. ಇನ್ನೊಂದು ವಿಷಯ. ಕಟ್ಟುವುದು ಅರ್ಧ ಕೆಲಸ ಮಾತ್ರ. ಆರಿಸುವುದು ಮತ್ತು ಕಾಪಾಡುವುದು ಉಳಿದರ್ಧ. ಮುಡಿಯುವ ಗಳಿಗೆ ಬರುವವರೆಗೆ ಹೂವು ಬದುಕಿರಬೇಕು. ಆಮೇಲೆ ಸತ್ತರೆ ಯಾರೂ ಕೇಳುವುದಿಲ್ಲ.

ನಾನು ಕಲಿತದ್ದೆಲ್ಲ ಪರೀಕ್ಷೆಗೆ ಬಂದದ್ದು ಒಂದು ಮದುವೆಯಲ್ಲಿ. ಅದು ನನಗೆ ಕೆಲಸ ಕಲಿಸಿದ ದೊಡ್ಡತಾಯಕ್ಕನ ಮಗಳು ರತ್ನಳ ಮದುವೆ. ಆ ಮದುವೆ ನಡೆಯುವುದೋ ಮುರಿಯುವುದೋ ಎನ್ನುವುದು ಒಂದು ಜೊತೆ ಹಾರದ ಮೇಲೆ ನಿಂತಿತ್ತು. ಯಾಕೆ ಹಾಗಾಯಿತು ಎಂದು ತಿಳಿಯಬೇಕಾದರೆ ಮೊದಲು ಅಕ್ಕನ ವಿಷಯ ಹೇಳಬೇಕು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮ ಮನೆಯವರು ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಒಬ್ಬರ ಕೂಲಿಯಲ್ಲಿ ಸಂಸಾರ ಸಾಗದು ಎಂದು ನಾನು ದೊಡ್ಡತಾಯಕ್ಕನ ಬಳಿ ಹೋದೆ. ಅಕ್ಕ ಗಂಡ ಸತ್ತವಳು, ಕಡ್ಡಿಯಂತೆ ಸಣ್ಣಗೆ ಇದ್ದಳು, ನಾಲಿಗೆ ಮಾತ್ರ ಕುಡುಗೋಲು. ಗೋಣಿಚೀಲ ಹಾಸಿಕೊಂಡು, ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಕೂತರೆ ಬೆರಳು ಕಾಣದಷ್ಟು ವೇಗವಾಗಿ ಕಟ್ಟುತ್ತಿದ್ದಳು. ಅವಳ ಪಕ್ಕದಲ್ಲಿ ಮಗಳು ರತ್ನ. ನನಗೆ ಮೊದಲ ದಿನ ಒಂದು ಮೊಳವನ್ನೂ ಕಟ್ಟಲು ಕೊಡಲಿಲ್ಲ. "ಕಟ್ಟೋದು ಕೋತಿಗೂ ಕಲಿಸ್ಬೋದು. ಮೊದ್ಲು ನೋಡಕ್ಕೆ ಕಲಿ" ಅಂದಳು.

ಬೆಳಿಗ್ಗೆ ಸತ್ಯಮಂಗಲದ ಕಡೆಯಿಂದ ಘಾಟಿ ಹತ್ತಿ ಮಲ್ಲಿಗೆ ಬರುತ್ತಿತ್ತು. ಚೀಲ ಬಿಚ್ಚಿದ ಕೂಡಲೇ ಎಲ್ಲರೂ ಮೇಲಿನ ಹೂವು ನೋಡಿ "ಚೆನ್ನಾಗಿದೆ" ಎಂದರೆ ಅಕ್ಕ ನನ್ನ ಕೈ ಹಿಡಿದು ಮೊಣಕೈವರೆಗೆ ಚೀಲದ ನಡುವಿಗೆ ತುರುಕಿದಳು.

"ಎಂಗದೆ?"

"ಬೆಚ್ಚಗದೆ ಅಕ್ಕ."

"ಜ್ವರ ಬಂದಿರೋ ಮಗೂನ ಮನೆಗೆ ತಕ್ಕಂಡೋಗ್ತೀಯಾ? ಬುಡು ಅದ್ನ."

ಇದೇ ಮೊದಲ ಪಾಠ. ರಾಶಿಯ ಹೊಟ್ಟೆ ತಣ್ಣಗಿರಬೇಕು. ಕಾವು ಕಂಡ ಹೂವು ಬೆಳಿಗ್ಗೆ ನಗುತ್ತಿರುತ್ತದೆ, ಮಧ್ಯಾಹ್ನಕ್ಕೆ ಕಣ್ಣು ಮುಚ್ಚುತ್ತದೆ.

ಉಳಿದದ್ದು ಒಂದೊಂದಾಗಿ ಬಂತು. ಮಲ್ಲಿಗೆಯಾದರೆ ಬಿಗಿ ಮೊಗ್ಗು ಬೇಕು, ತೊಟ್ಟು ಹಸಿರಿರಬೇಕು. ಬೆಳಿಗ್ಗೆಯೇ ಬಾಯಿ ಬಿಟ್ಟಿದ್ದರೆ ಅದು ನಿನ್ನೆಯದು. ಸೇವಂತಿಗೆಯ ಮುಖ ನೋಡಬಾರದು, ಮಗುಚಿ ಬೆನ್ನು ನೋಡಬೇಕು. ಬೆನ್ನು ಹಸಿರಾಗಿದ್ದು ನಡುವಿನ ಗುಂಡಿ ಬಿಗಿಯಾಗಿದ್ದರೆ ಅದು ನಾಳೆಯೂ ಇರುತ್ತದೆ. ಸುಗಂಧರಾಜದ ಕಡ್ಡಿಯಲ್ಲಿ ಕೆಳಗಿನ ಹೂವು ಮಾತ್ರ ಅರಳಿರಬೇಕು, ಮೇಲಿನದೆಲ್ಲ ಮೊಗ್ಗೇ ಇರಬೇಕು. ಚೆಂಡುಹೂವಿನ ಬುಡ ಹಿಸುಕಿದಾಗ ನೀರು ಬಂದರೆ ತೂಕಕ್ಕೆ ನೆನೆಸಿದ್ದಾರೆ ಎಂದು ಅರ್ಥ. ಕನಕಾಂಬರಕ್ಕೆ ವಾಸನೆ ಇಲ್ಲ, ತೂಕ ಇಲ್ಲ, ಆದರೆ ಹಠ ಇದೆ. ಎಲ್ಲ ಹೂವೂ ಸತ್ತ ಮೇಲೂ ಅದು ಜಡೆಯಲ್ಲಿ ಕೂತಿರುತ್ತದೆ.

ಗುಲಾಬಿಯಲ್ಲಿ ಮೋಸ ಜಾಸ್ತಿ. ಹಳೇ ಗುಲಾಬಿಯ ಬಾಡಿದ ಹೊರ ಎಸಳು ಕಿತ್ತುಬಿಟ್ಟರೆ ಒಳಗಿನದು ಹೊಸದರಂತೆ ಕಾಣುತ್ತದೆ. ಮಂಡಿಯಲ್ಲಿ ಒಬ್ಬ ತಮಿಳು ವ್ಯಾಪಾರಿ, "ಅಕ್ಕಾ, ಇವತ್ತು ಬಂದ ಪೂ, ನೋಡಿ ಅಕ್ಕಾ" ಎಂದು ಒಂದು ಹಿಡಿ ನೀಡಿದ. ಅಕ್ಕ ಒಂದು ಹೂವು ತಗೊಂಡು ಬುಡ ಹಿಡಿದು ತಿರುಗಿಸಿದಳು. ಎಸಳು ಕಿತ್ತ ಗುರುತು ಇತ್ತು.

"ಇದೇನಪ್ಪ, ಸುಲ್ಕಂಡ್ ಬಂದಿದ್ದೀಯ? ಗುಲಾಬಿನೋ ಈರುಳ್ಳಿನೋ?"

ವ್ಯಾಪಾರಿ ಹಲ್ಲು ಬಿಟ್ಟ. "ನಿಮಗೆ ಬೇರೆ ಚೀಲ ಅಕ್ಕಾ" ಎಂದು ಹಿಂದಿನಿಂದ ಒಳ್ಳೆಯದನ್ನು ತೆಗೆದ. ಅಕ್ಕನಿಗೆ ಇದರಿಂದ ಹೆಮ್ಮೆಯೇನೂ ಬರಲಿಲ್ಲ. "ನಾನು ನೋಡ್ದೆ ಅಂತ ಇನ್ನೊಬ್ಳಿಗೆ ಕೊಡ್ತಾನೆ, ಅಷ್ಟೇಯ" ಅಂದಳು.

ಕಾಪಾಡುವುದಕ್ಕೆ ನಮ್ಮ ಬಳಿ ಇದ್ದದ್ದು ಬಿದಿರಿನ ಕುಕ್ಕೆ, ಬಾಳೆ ಎಲೆ, ಒದ್ದೆ ಬಟ್ಟೆ, ನೆರಳು. ಒದ್ದೆ ಬಟ್ಟೆ ಕುಕ್ಕೆಯ ತಳಕ್ಕೆ, ಅದರ ಮೇಲೆ ಎಲೆ, ಎಲೆಯ ಮೇಲೆ ಹೂವು. ಹೂವಿಗೆ ತಂಪು ಬೇಕು, ನೀರು ಬೇಡ. ಕಡ್ಡಿ ಇರುವ ಹೂವಾದರೆ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಸವರಿ, ತೊಳೆದ ಬಕೆಟ್ಟಿನಲ್ಲಿ ನಿಲ್ಲಿಸುತ್ತಿದ್ದೆವು. "ನೀನು ಕುಡಿಯೋ ನೀರು ಕೊಡು, ಕಾಲ್ ತೊಳ್ದಿದ್ದನ್ನಲ್ಲ" ಎನ್ನುತ್ತಿದ್ದಳು.

ಆಮೇಲೆ ದಾರದ ಉಂಡೆ ಬಂತು. ಅಕ್ಕ ಬಾಳೆನಾರು ಬಿಡಲಿಲ್ಲ, ಒದ್ದೆ ನಾರು ಹೂವಿನ ಕತ್ತನ್ನು ತಂಪಾಗಿಡುತ್ತದೆ, ದಾರ ಕತ್ತನ್ನು ಕುಯ್ಯುತ್ತದೆ ಎಂದು ಅವಳ ವಾದ. ಅದು ನಿಜವೇ. ಆದರೂ ದಾರ ಬಂದದ್ದು ಒಳ್ಳೆಯದಾಯಿತು ಎಂದೇ ನಾನು ಹೇಳುತ್ತೇನೆ, ನನ್ನ ಬೆರಳು ಉಳಿಯಿತು. ಈಗಲೇ ಮುಡಿಯುವ ಮೊಳಕ್ಕೆ ದಾರ, ನಾಳೆಗೆ ಕಾಯಬೇಕಾದ ಹಾರಕ್ಕೆ ನಾರು ಎಂದು ನಾನು ರಾಜಿ ಮಾಡಿಕೊಂಡೆ. ಹಳೆಯದೆಲ್ಲ ಚಿನ್ನ ಎನ್ನುವವಳಲ್ಲ ನಾನು.

ಆದರೆ ಹಿಂದೆಯೇ ಪ್ಲಾಸ್ಟಿಕ್ ಕವರೂ ಬಂತು. ರತ್ನಳಿಗೆ ಕೇಡು ಬಂದದ್ದು ಅದರಿಂದಲೇ.

ನಮ್ಮ ಕಡೆ ಹೆಣ್ಣು ಗೊತ್ತಾದರೆ ಹೂ ಮುಡಿಸುವ ಶಾಸ್ತ್ರ ಮಾಡುತ್ತಾರೆ. ಗಂಡಿನ ಮನೆಯವರು ಹೂವು ತಂದು ಹುಡುಗಿಯ ಜಡೆಗೆ ಮುಡಿಸಿದರೆ ಮಾತು ಗಟ್ಟಿಯಾದಂತೆ. ಹೂವು ಗಂಡಿನ ಮನೆಯಿಂದಲೇ ಬರಬೇಕು. ರತ್ನಳಿಗೆ ಸಂತೆಮರಹಳ್ಳಿ ಕಡೆಯ ಒಂದು ಸಂಬಂಧ ಕೂಡಿಬಂತು. ಅವರು ವ್ಯಾನಿನಲ್ಲಿ ಬಂದರು. ಆಗ ಕವರಿನಲ್ಲಿ ತರುವುದೇ ದೊಡ್ಡಸ್ತಿಕೆ. ಹೂವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಬಿಗಿದು, ಬಿಸಿಲು ಬೀಳುವ ಕಡೆ ಇಟ್ಟುಕೊಂಡು ಬಂದಿದ್ದರು. ಹಸೆಮಣೆಯ ಮೇಲೆ ರತ್ನ ತಲೆ ತಗ್ಗಿಸಿ ಕೂತಿದ್ದಳು. ಗಂಡಿನ ಅಜ್ಜಿ ಕವರ್ ಬಿಚ್ಚಿದಳು. ಒಳಗೆಲ್ಲ ಬೆವರು. ಮಲ್ಲಿಗೆ ಬೇಯಿಸಿದ ಸೊಪ್ಪಿನಂತಾಗಿ ನಾರುತ್ತಿತ್ತು.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ದೇವ್ರು ಒಪ್ನಿಲ್ಲ ಕಣ್ರಪ್ಪ. ಏಳಿ ಎಲ್ರೂವೆ."

ದೊಡ್ಡತಾಯಕ್ಕನಿಗೆ ಬಾಯಿ ತಡೆಯಲಿಲ್ಲ. "ದೇವ್ರು ಏನ್ ಮಾಡ್ದನವ್ವ? ಕವರ್‌ನಲ್ಲಿ ಕಟ್ಟಿ ಬಿಸ್ಲಲ್ಲಿ ತಂದ್ರೆ ನೀನೂ ಇಂಗೇ ಆಯ್ತೀಯ, ನಾನೂ ಇಂಗೇ ಆಯ್ತೀನಿ. ನಮ್ ಬುಟ್ಟಿಲಿ ಊವು ಅದೆ, ತಕ್ಕಳಿ."

"ನಿಮ್ಮೂವು ನಿಮ್ ಮಗ್ಳಿಗೆ ಮುಡ್ಸಕ್ಕೆ ನಾವ್ಯಾಕ್ ಬರ್ಬೇಕಿತ್ತು?" ಎಂದು ಅಜ್ಜಿ ಎದ್ದೇಬಿಟ್ಟಳು. ಹುಡುಗ ಒಮ್ಮೆ ಹಿಂತಿರುಗಿ ನೋಡಿದ. ನೋಡಿದರೇನು, ವ್ಯಾನು ಹತ್ತಿದ.

ಮಾತು ಊರೆಲ್ಲ ಹರಡಿತು: ಹೂವು ಮಾರುವವಳ ಮಗಳಿಗೆ ಹೂವೇ ಒಲಿಯಲಿಲ್ಲವಂತೆ. ಆಮೇಲೆ ಬಂದ ಸಂಬಂಧಗಳು ಬೀದಿ ತುದಿಯಲ್ಲೇ ಈ ಮಾತು ಕೇಳಿ ತಿರುಗಿ ಹೋದವು. ರತ್ನ ಹೂವು ಮುಡಿಯುವುದನ್ನು ಬಿಟ್ಟಳು. ದಿನವಿಡೀ ಊರಿನವರ ಜಡೆಗೆಲ್ಲ ಕಟ್ಟುತ್ತಿದ್ದಳು, ತನ್ನ ಜಡೆ ಬೋಳು. ಗಿರಾಕಿಗಳು ಕೇಳಿದರೆ, "ನನ್ಗೆ ತಲೆನೋವು ಬತ್ತದೆ" ಎನ್ನುತ್ತಿದ್ದಳು. ಅಕ್ಕ ಅದನ್ನು ಕೇಳಿಸಿಕೊಂಡೂ ಕೇಳಿಸದಂತೆ ಎಲೆಅಡಿಕೆ ಉಗಿಯುತ್ತಿದ್ದಳು.

ಕೆಲಸ ಮಾತ್ರ ನಿಲ್ಲಲಿಲ್ಲ. ಚಾಮರಾಜನಗರ ಜಿಲ್ಲೆಯಾದ ಮೇಲಂತೂ ಸಭೆ ಸಮಾರಂಭ ಹೆಚ್ಚಾದವು. ಒಂದು ಸಭೆಗೆ ಗಂಧದ ಹಾರದಷ್ಟು ದಪ್ಪದ ಗುಲಾಬಿ ಹಾರ ಕೇಳಿದರು. ಬೆಳಿಗ್ಗೆ ಬರಬೇಕಾದ ಅತಿಥಿ ಸಂಜೆಗೆ ಬಂದರು. ಸಭೆ ನಡೆಸುವವರು ಹಾರವನ್ನು ಮೇಜಿನ ಮೇಲೆ ಫ್ಯಾನಿನ ಕೆಳಗೆ ಇಟ್ಟಿದ್ದರು, ತಂಪಾಗಿರಲಿ ಎಂದು. ಫ್ಯಾನಿನ ಗಾಳಿ ಹೂವಿನ ಜೀವ ಹೀರಿಬಿಡುತ್ತದೆ. ನಾನು ಹೋಗಿ ಅದನ್ನು ಎತ್ತಿ ಒದ್ದೆ ಟವಲಿನಲ್ಲಿ ಸುತ್ತಿ ಮೇಜಿನ ಕೆಳಗೆ ಸೇರಿಸಿದೆ. "ಅದ್ಯಾಕಮ್ಮ ಹಾರ ಬಚ್ಚಿಡ್ತೀಯಾ?" ಎಂದು ಒಬ್ಬರು ಗದರಿದರು. "ನಿಮ್ ಸಾಹೇಬ್ರು ಬಂದ್ಮೇಲೆ ಕೊಡ್ತೀನಿ, ಕದ್ದೋಗಲ್ಲ" ಅಂದೆ. ಅತಿಥಿ ಬಂದರು, ಹಾರ ಹಾಕಿದರು, ಅವರು ಆ ಕ್ಷಣವೇ ಕತ್ತಿನಿಂದ ತೆಗೆದು ಮೇಜಿನ ಮೇಲೆ ಎಸೆದರು. ಒಂದು ದಿನ ಕಾದು ಒಂದು ಗಳಿಗೆ ಬದುಕುವುದು. ಈ ಕೆಲಸವೇ ಹಾಗೆ. ಬೇಜಾರು ಮಾಡಿಕೊಳ್ಳುವವರು ತರಕಾರಿ ಮಾರಲಿ.

ಓಣಂ ಹತ್ತಿರ ಬಂದರೆ ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಸುಗ್ಗಿ. ಕೇರಳದ ಲಾರಿಗಳು ಸಾಲುಗಟ್ಟುತ್ತವೆ. ಹೂವು ಆರಿಸಿ ಕುಕ್ಕೆ ತುಂಬಲು ಕೈ ಬೇಕೆಂದು ನಾನೂ ರತ್ನಳೂ ಹೋಗಿದ್ದೆವು. ಅಲ್ಲಿ ತೆರಕಣಾಂಬಿಯ ಮಹದೇವ ಎನ್ನುವ ಹುಡುಗ ಹೊಲದಿಂದ ಟೆಂಪೋದಲ್ಲಿ ಹೂವು ತಂದ. ಮೂಟೆಯ ಮೇಲೆ ಮೂಟೆ ಒಟ್ಟಿ, ಅದರ ಮೇಲೆ ತನ್ನ ಆಳುಗಳನ್ನು ಕೂರಿಸಿಕೊಂಡು ಬಂದಿದ್ದ. ಇಳಿಸಿದ ಮೇಲೆ ತಾನೂ ಒಂದು ಮೂಟೆಗೆ ಒರಗಿ ಬೀಡಿ ಹಚ್ಚಿದ. ರತ್ನಳಿಗೆ ತಡೆಯಲಿಲ್ಲ, ತಾಯಿಯ ಬಾಯಿ ಅವಳಿಗೂ ಬಂದಿತ್ತು.

"ಯೋ, ಎದ್ದೇಳಯ್ಯ ಮ್ಯಾಕೆ. ಊವಿನ್ ಮೂಟೆ ಅದು, ಮಾವನ್ ಮನೆ ದಿಂಬಲ್ಲ."

"ಕೇರಳದೋರು ಏನೂ ಅನ್ನಕ್ಕಿಲ್ಲ, ನಿಂಗೇನು?"

"ಅವ್ರು ಅನ್ನೋ ವೊತ್ಗೆ ನೀನು ಮನೆ ಸೇರಿರ್ತೀಯ. ಕೈ ಹಾಕಿ ನೋಡು ಒಳಗೆ."

ಅವನು ಕೈ ಹಾಕಿದ. ಒಳಗೆ ಕಾವು ಹೊಗೆಯಾಡುವಂತಿತ್ತು. ಬೀಡಿ ಆರಿಸಿದ. ಮಾರನೆಯ ದಿನ ಮೂಟೆಗಳ ಬದಲು ಕುಕ್ಕೆಗಳಲ್ಲಿ ತುಂಬಿ, ಕುಕ್ಕೆಗಳ ನಡುವೆ ಗಾಳಿಯಾಡಲು ಸಂದು ಬಿಟ್ಟು ತಂದ. ತಂದವನು ಸೀದಾ ರತ್ನಳ ಮುಂದೆ ಟೆಂಪೋ ನಿಲ್ಲಿಸಿದ. "ಇವತ್ತು ಕೈ ಹಾಕಿ ನೋಡಮ್ಮಿ" ಅಂದ. ನನಗೆ ಅರ್ಥವಾಯಿತು. ಊರಿಗೆ ಬಂದು ಅಕ್ಕನ ಕಿವಿಗೆ ಹಾಕಿದೆ.

ಮಹದೇವನನ್ನು ಸಾಕಿದವಳು ಅವನ ಸೋದರತ್ತೆ ನಂಜಮ್ಮ. ಬಾಳೆ ತೋಟ ಮಾಡಿಕೊಂಡು ಒಬ್ಬಳೇ ಗಟ್ಟಿಯಾಗಿ ನಿಂತ ಹೆಂಗಸು. ಹೆಣ್ಣು ನೋಡಲು ಬಂದವಳು ಗೋಡೆ ನೋಡಿದಳು, ಒಲೆ ನೋಡಿದಳು, ರತ್ನಳ ಕೈಬೆರಳು ನೋಡಿದಳು. ಕಡೆಗೆ ನೇರವಾಗಿ ಕೇಳಿದಳು: "ಸಂತೆಮರಳ್ಳಿ ಕಡೆಯೋರು ಯಾಕವ್ವ ಎದ್ದೋದ್ರು?"

ಅಕ್ಕ ಎಲೆಅಡಿಕೆ ಉಗಿಯಲು ಎದ್ದಳು. ರತ್ನಳೇ ಉತ್ತರ ಕೊಟ್ಟಳು. "ಅವ್ರು ತಂದ ಊವು ಕೊಳ್ತೋಗಿತ್ತು."

ನಂಜಮ್ಮ "ಹ್ಞೂಂ" ಅಂದಳು. ಅಷ್ಟೇ. ಮುಂದಿನ ವಾರ ಅವಳೇ ಬಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ತನ್ನ ಹಿತ್ತಲ ಕನಕಾಂಬರ ಮುಡಿಸಿ ಹೋದಳು. ರತ್ನ ಅವತ್ತಿನಿಂದ ಮತ್ತೆ ಹೂವು ಮುಡಿದಳು. ಅಕ್ಕನಿಗೆ ಮಾತ್ರ ಆ "ಹ್ಞೂಂ" ಮುಳ್ಳಿನಂತೆ ಕೂತುಬಿಟ್ಟಿತು. "ಆ ಮುದ್ಕಿ ಮನ್ಸಲ್ಲಿ ಏನೋ ಮಡಗಿದ್ದಾಳೆ ಕಣೆ. ಧಾರೆ ಹೊತ್ನಲ್ಲಿ ಹಾರದಿಂದ ಒಂದ್ ಎಸಳು ಬಿದ್ರೂ ಎದ್ದೋಯ್ತಾಳೆ. ಇನ್ನೊಂದ್ ಸಲ ಇಂಗಾದ್ರೆ ನನ್ ಮಗ್ಳು ಬದ್ಕಕಿಲ್ಲ" ಎಂದು ದಿನಾ ಹೇಳುತ್ತಿದ್ದಳು.

ಹಾರ ಕಟ್ಟುವವರು ಯಾರು ಎಂಬ ಪ್ರಶ್ನೆ ಬಂತು. ಮದುಮಗಳು ತನ್ನ ಹಾರ ತಾನೇ ಕಟ್ಟುವಂತಿಲ್ಲ. ಅಕ್ಕ ಗಂಡ ಸತ್ತವಳು, ಅವಳ ಕೈ ಮುಟ್ಟಬಾರದು. ಊರಿನವರ ಮದುವೆಗೆಲ್ಲ ಅವಳು ಕಟ್ಟಿದ ಹೂವು ಆಗುತ್ತಿತ್ತು, ಯಾಕೆಂದರೆ ಕೊಳ್ಳುವಾಗ ಯಾರು ಕಟ್ಟಿದರೆಂದು ಯಾರೂ ಕೇಳುವುದಿಲ್ಲ. ಸ್ವಂತ ಮಗಳ ಮದುವೆಗೆ ಆಗುವುದಿಲ್ಲ. ಇದರಲ್ಲಿ ನ್ಯಾಯ ಹುಡುಕಲು ನಾನು ಹೋಗಲಿಲ್ಲ. ಹಾರ ನನ್ನ ಪಾಲಿಗೆ ಬಂತು.

ಮದುವೆ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ. ಹಿಂದಿನ ದಿನ ಸಂಜೆ ಹೊತ್ತು ಮುಳುಗುವ ಮುಂಚೆ ಜೊತೆ ಹಾರ ಮುಗಿಸಿದೆ. ಮಲ್ಲಿಗೆ ಮೊಗ್ಗು, ಗುಲಾಬಿ, ನಡುನಡುವೆ ಸುಗಂಧರಾಜ, ಅಂಚಿಗೆ ಕನಕಾಂಬರ, ಮರುಗ. ಎಲ್ಲ ಬಾಳೆನಾರಿನಲ್ಲಿ. ಅಕ್ಕ ದೂರ ನಿಂತು ಕಣ್ಣಿನಲ್ಲೇ ಗಂಟು ಎಣಿಸುತ್ತಿದ್ದಳು. ಛತ್ರದ ಹಿಂದಿನ ಜಗುಲಿಯಲ್ಲಿ ನೀರಿನ ತೊಟ್ಟಿಯ ಪಕ್ಕ ಒದ್ದೆ ಮರಳು ಹರಡಿ, ಕುಕ್ಕೆಯಿಟ್ಟು, ಎಲೆ ಮುಚ್ಚಿದೆ. ಅಕ್ಕನ ತಮ್ಮ ಸಿದ್ದಪ್ಪನಿಗೆ, "ಯಾರೂ ಮುಟ್ದಂಗೆ ನೋಡ್ಕಳಪ್ಪ" ಎಂದು ಹೇಳಿ ಮಲಗಲು ಹೋದೆ.

ಬೆಳಿಗ್ಗೆ ಎದ್ದು ನೋಡಿದರೆ ಕುಕ್ಕೆ ಇಲ್ಲ.

ಸಿದ್ದಪ್ಪ ಸೊಂಟದಿಂದ ಬೀಗದ ಕೈ ತೆಗೆದು ತೋರಿಸಿದ. "ಗಾಬ್ರಿ ಬೀಳ್ಬ್ಯಾಡ ಕಣವ್ವ. ಮದ್ವೆ ಹಾರ, ಮೈಲಿಗೆ ಆಗ್ಬಾರ್ದು ಅಂತ ಉಗ್ರಾಣದಲ್ಲಿ ಮಡಗಿದೀನಿ. ಬೀಗ ಹಾಕಿ ಬಾಗ್ಲಲ್ಲೇ ನಾನೇ ಮಲ್ಗಿದ್ದೆ."

ನಮ್ಮವರಲ್ಲಿ ಮದುವೆಯ ಶುಭದ ವಸ್ತುಗಳನ್ನೆಲ್ಲ ಒಂದೇ ಕಡೆ ಇಡುತ್ತಾರೆ, ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನ, ಬಾಳೆಹಣ್ಣು. ಹಾರವೂ ಅಲ್ಲಿರಬೇಕು ಎಂದು ಅವನಿಗೆ ತೋರಿತ್ತು. ಬಾಗಿಲು ತೆಗೆದ. ಹಣ್ಣಿನ ಬಿಸಿ ವಾಸನೆ ಮುಖಕ್ಕೆ ರಾಚಿತು. ಹೊಗೆ ಹಾಕಿ ಹಣ್ಣು ಮಾಡಿದ ಬಾಳೆಗೊನೆಗಳನ್ನು ಗೋಡೆಯುದ್ದಕ್ಕೂ ನಿಲ್ಲಿಸಿದ್ದರು. ಅವುಗಳ ನಡುವೆ ಅವನು ಭಕ್ತಿಯಿಂದ ಕುಕ್ಕೆ ಇಟ್ಟಿದ್ದ. ಕಿಟಕಿ ಮುಚ್ಚಿತ್ತು. ಕಾಯಿಯ ಪಕ್ಕ ಹಣ್ಣಿಟ್ಟರೆ ಕಾಯಿ ಬೇಗ ಮಾಗುತ್ತದೆ. ಹೂವೂ ಹಾಗೆಯೇ ಬೇಗ ಮುದಿಯಾಗುತ್ತದೆ. ಎಲೆ ಸರಿಸಿದೆ. ಮಲ್ಲಿಗೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಹಾರ ಎತ್ತಿದ ಕೂಡಲೇ ಗುಲಾಬಿಯ ಎಸಳು ಸುರಿದು ನೆಲವೆಲ್ಲ ಕೆಂಪಾಯಿತು.

ಅಕ್ಕ ಹಿಂದೆಯೇ ಬಂದಿದ್ದಳು. ನೋಡಿದಳು. "ಬಾಳೆಕಾಯ್ಗೆ ಬದ್ಲು ನಿನ್ ತಲೆಗೆ ಹೊಗೆ ಹಾಕ್ಬೇಕಿತ್ತು ಕಣ್ಲಾ" ಎಂದು ತಮ್ಮನಿಗೆ ಅಂದಳು. ಗೋಡೆ ಹಿಡಿದು ಕೂತುಬಿಟ್ಟಳು. ಹೊರಗೆ ವಾಲಗ ಶುರುವಾಗಿತ್ತು. ಹೊಸ ಹೂವಿಗೆ ಯಾರನ್ನಾದರೂ ಅಂಗಡಿ ಬೀದಿಗೆ ಓಡಿಸೋಣವೆಂದರೆ ಮಲ್ಲಿಗೆಯ ಗಾಡಿ ಇನ್ನೂ ಬಂದಿರಲಿಲ್ಲ.

ಆಗಲೇ ನಂಜಮ್ಮ ತಾಂಬೂಲದ ತಟ್ಟೆ ಹಿಡಿದು ವೀಳ್ಯದೆಲೆಗೆಂದು ಒಳಗೆ ಬಂದಳು.

ನನ್ನ ಕೈಯಲ್ಲಿ ಬೋಳು ಹಾರ. ನೆಲದ ಮೇಲೆ ಎಸಳು. ಬಚ್ಚಿಡಲು ಜಾಗವಿಲ್ಲ. ನಂಜಮ್ಮ ನೆಲ ನೋಡಿದಳು, ಹಾರ ನೋಡಿದಳು, ಅಕ್ಕನನ್ನು ನೋಡಿದಳು. ತಟ್ಟೆ ಕೆಳಗಿಟ್ಟು, ಒಂದು ಮಲ್ಲಿಗೆ ತೆಗೆದು ಮೂಸಿ, ಬಾಳೆಗೊನೆಯ ಮೇಲೆ ಅಂಗೈ ಇಟ್ಟಳು.

"ಇದ್ರ ಜೊತೇಲಿ ಮಡಗಿದ್ದವ್ರು ಯಾರು?"

ಸಿದ್ದಪ್ಪ ತಲೆ ಕೆರೆದುಕೊಂಡ.

"ಬುದ್ಧಿ ಬೇಡ್ವೇನಪ್ಪ? ಈ ಕಾವಲ್ಲಿ ಕಲ್ಲೂ ಹಣ್ಣಾಯ್ತದೆ. ಬಾಗ್ಲು ಹಾಕು. ಗಂಡಸ್ರಿಗೆ ಏಳ್ಬ್ಯಾಡ, ಶಕುನ ಗಿಕುನ ಅಂತ ಶುರು ಮಾಡ್ತಾರೆ. ಮಂಟಪದ ಕಂಬಕ್ಕೆ ಅಂತ ಮಾದೇವ ಟೆಂಪೋದಲ್ಲಿ ಸ್ಯಾವಂತ್ಗೆ ತಂದವ್ನೆ. ಓಗಿ ಎತ್ಕಂಡ್ ಬಾ."

ಅಕ್ಕ ತಲೆಯೆತ್ತಿದಳು. "ನೀವು ಎದ್ದೋಗಕಿಲ್ವಾ?"

"ಎಲ್ಗವ್ವ ಓಗ್ಲಿ? ತಿಂಡಿನೇ ತಿಂದಿಲ್ಲ."

ಸಿದ್ದಪ್ಪ ಕುಕ್ಕೆ ತಂದ. ಮಹದೇವ ಹೊಲದಿಂದ ಕುಯ್ಯಿಸಿ, ಒತ್ತದೆ, ಸಂದು ಬಿಟ್ಟು ತಂದ ಹೂವು. ಒಂದನ್ನು ಮಗುಚಿ ಬೆನ್ನು ನೋಡಿದೆ. ಹಸಿರು. ಕೈ ಒಳಗೆ ಹಾಕಿದೆ. ತಣ್ಣಗಿತ್ತು. ಅವತ್ತು ಮೂಟೆಯ ಮೇಲೆ ಒರಗಿದ್ದವನಿಗೆ ರತ್ನ ಬೈದದ್ದು ಸಾರ್ಥಕವಾಯಿತು ಅಂದುಕೊಂಡೆ. ಹಳೇ ಹಾರ ಬಿಚ್ಚಿದೆವು. ಕನಕಾಂಬರ ಹೇಗಿತ್ತೋ ಹಾಗೇ ಇತ್ತು. ಸುಗಂಧರಾಜದ ಮೊಗ್ಗೂ ಮರುಗವೂ ಉಳಿದಿದ್ದವು. ಅವನ್ನು ಬೇರೆ ಮಾಡಿ ನಾನು ಕಟ್ಟಲು ಕೂತೆ. ಅವಸರಕ್ಕೆ ಗಂಟು ಸರಿಯಾಗಿ ಬೀಳುತ್ತಿರಲಿಲ್ಲ. ನಂಜಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

"ನಿನ್ ಕೈಲಿ ಧಾರೆ ಹೊತ್ಗೆ ಆಗಕಿಲ್ಲ ಕಣವ್ವ. ಬಿರ್ರನೆ ಕಟ್ಟೋರು ಯಾರವ್ರೆ?"

"ಅಕ್ಕ" ಅಂದೆ.

"ಮತ್ಯಾಕೆ ಗೋಡೆ ಹಿಡ್ಕಂಡ್ ಕುಂತವ್ಳೆ? ಬಾರವ್ವ."

"ನಾನು ಮುಟ್ಬಾರ್ದು" ಅಂದಳು ಅಕ್ಕ. "ಗಂಡ ಸತ್ತೋಳು."

"ನಾನೂ ಗಂಡ ಸತ್ತೋಳೆಯ. ಮಾದೇವನ್ನ ಸಾಕಿ ಇಷ್ಟುದ್ದ ಮಾಡ್ಲಿಲ್ವಾ? ಹೆತ್ತೋಳ ಕೈ ಅಪಶಕುನ ಅಂದ್ರೆ ಹೆತ್ತಿದ್ದೇ ಅಪಶಕುನ ಅನ್ನು. ಕುಂತ್ಕೊ."

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕೂತಳು. ನಾನು ಹೂವು ಜೋಡಿಸಿ ಕೊಟ್ಟೆ, ನಂಜಮ್ಮ ನಾರು ಸೀಳಿ ಕೊಟ್ಟಳು, ಅಕ್ಕ ಕಟ್ಟಿದಳು. ಅಷ್ಟು ವೇಗವಾಗಿ ಅವಳು ಕಟ್ಟಿದ್ದನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಕಣ್ಣು ಒದ್ದೆಯಾಗಿತ್ತೋ ಏನೋ, ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಕಟ್ಟುತ್ತಲೇ ಅಕ್ಕ ಕೇಳಿದಳು. "ಅವತ್ತು ನೀವು ಹ್ಞೂಂ ಅಂದ್ರಲ್ಲ, ಯಾಕೆ?"

"ಆ ಸಂತೆಮರಳ್ಳಿಯೋರು ನಮ್ಗೂ ನೆಂಟ್ರು ಕಣವ್ವ. ಅವ್ರಿಗೆ ಆಗ್ಲೇ ಬ್ಯಾರೆ ಕಡೆ ಹೆಣ್ಣು ಒಪ್ಗೆಯಾಗಿತ್ತು. ನಿಮ್ಗೆ ಮೊದ್ಲೇ ಮಾತು ಕೊಟ್ಬುಟ್ಟಿದ್ರು, ಎದ್ದೋಗಕ್ಕೆ ಒಂದು ನೆಪ ಬೇಕಿತ್ತು, ಊವು ಸಿಕ್ತು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನಕಿಲ್ವಾ, ಅಂಗೆ. ನಿನ್ ಮಗ್ಳು ಸುಳ್ಳು ಏಳ್ತಾಳಾ ಅಂತ ನೋಡ್ದೆ. ಏಳ್ಲಿಲ್ಲ. ಹ್ಞೂಂ ಅಂದೆ."

ಅಕ್ಕನ ಕೈ ನಿಂತಿತು. "ಇದ್ನ ಅವತ್ತೇ ಏಳಕ್ಕೆ ನಿಮ್ಗೇನಾಗಿತ್ತು? ಇಷ್ಟು ದಿನ ನಾನು ಅನ್ನ ಬುಟ್ಟಿವ್ನಿ."

"ನೀನು ಕೇಳ್ಲಿಲ್ಲ. ಕಟ್ಟು, ಕಟ್ಟು."

ನನಗೆ ನಗು ಬಂತು. ಅಂಥ ಹೊತ್ತಿನಲ್ಲೂ ಬಂತು.

ಮಂಟಪದ ಕಂಬ ಅರ್ಧ ಬೋಳಾಗಿಯೇ ಉಳಿಯಿತು. ಯಾರೂ ಗಮನಿಸಲಿಲ್ಲ. ಹಾರ ಬದಲಾಯಿಸುವಾಗ ಅಕ್ಕ ಕಂಬದ ಹಿಂದೆ ನಿಂತಿದ್ದಳು. ಎಲ್ಲರೂ ಗಂಡು ಹೆಣ್ಣಿನ ಮುಖ ನೋಡುತ್ತಿದ್ದರೆ ನಾವಿಬ್ಬರೂ ಅವರ ಕಾಲ ಬುಡದ ನೆಲ ನೋಡುತ್ತಿದ್ದೆವು. ರತ್ನ ಬಗ್ಗಿದಳು, ಮಹದೇವ ಹಾಕಿದ. ಅವನು ಬಗ್ಗಿದ, ಇವಳು ಹಾಕಿದಳು. ಹುಡುಗರು ಕೂಗಿದರು, ಅಕ್ಷತೆ ಬಿತ್ತು. ನೆಲದ ಮೇಲೆ ಅಕ್ಕಿಯಲ್ಲದೆ ಬೇರೇನೂ ಇರಲಿಲ್ಲ. ಅಕ್ಕ ಎಷ್ಟೋ ಹೊತ್ತಿನಿಂದ ಹಿಡಿದಿದ್ದ ಉಸಿರು ಬಿಟ್ಟಳು. ನನಗೂ ಕೇಳಿಸಿತು.

ಆಮೇಲೆ ಎಷ್ಟೋ ವರ್ಷ ನಾನು ಯಾವ ಮದುವೆಗೆ ಹಾರ ಕೊಟ್ಟರೂ ಮೊದಲು ಉಗ್ರಾಣದ ಕಡೆ ಒಂದು ಕಣ್ಣು ಹಾಯಿಸುತ್ತಿದ್ದೆ. ಈಗಿನ ಹುಡುಗಿಯರಿಗೂ ಅದನ್ನೇ ಹೇಳುತ್ತೇನೆ. ಫ್ರಿಜ್ಜಿದೆ ಎಂದು ಧೈರ್ಯ ಮಾಡಬೇಡಿ. ಅದರೊಳಗೆ ಹಣ್ಣಿದ್ದರೆ ಹೂವಿಗೆ ಅದೂ ಉಗ್ರಾಣವೇ. ರಾಶಿಯ ಹೊಟ್ಟೆಗೆ ಕೈ ಹಾಕಿ ನೋಡಿ. ಬಾಯಿ ಕಟ್ಟಿದ ಕವರಿನಲ್ಲಿ ಇಡಬೇಡಿ. ನೀರು ಚಿಮುಕಿಸುವುದು ನಿಲ್ಲಿಸಿ.

ಧಾರೆ ಮುಗಿದ ಮೇಲೆ ನಾನು ಹೋಗಿ ಉಗ್ರಾಣದ ಹೊಸ್ತಿಲ ಮೇಲೆ ಕೂತೆ. ನಂಜಮ್ಮ ಒಳಗಿನಿಂದ ಒಂದು ಚಿಪ್ಪು ಬಾಳೆಹಣ್ಣು ಕಿತ್ತುಕೊಂಡು ಬಂದು ನನಗೂ ಅಕ್ಕನಿಗೂ ಕೊಟ್ಟು, ತಾನೂ ಒಂದು ಸುಲಿದಳು. ಹಾರವನ್ನು ಕೊಂದ ಅದೇ ಗೊನೆ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಮಂಡಿಯಲ್ಲಿ ಗುಲಾಬಿ ನೋಡುವಂತೆ.

"ತಿನ್ನವ್ವ, ಅದ್ರದೇನು ತಪ್ಪು" ಅಂದಳು ನಂಜಮ್ಮ.

ತಿಂದೆವು. ಹದವಾಗಿ ಹಣ್ಣಾಗಿತ್ತು, ಸಕ್ಕರೆಯಂತೆ ಇತ್ತು. ಅಕ್ಕ ಇನ್ನೊಂದಕ್ಕೆ ಕೈ ನೀಡಿದಳು.